ಮುದಗಲ್ಲಿನ ಕ್ರೈಸ್ತ ದೇವಾಲಯದ ಕಾಲವಿಚಾರ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರನ್ನು ಸೇರಿ, ಅಲ್ಲಿಂದ ನೈಋತ್ಯಕ್ಕೆ ಸುಮಾರು 16 ಕಿಲೋಮೀಟರು ನಡೆದರೆ ಮುದಗಲ್ಲು ದೊರೆಯುತ್ತದೆ. ಮಸ್ಕಿಯ ಮಹಿಮೆ ಸರ್ವವಿದಿತವಾದುದು. 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಶಾಸನವು ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಹೆಸರು ಹಿಡಿದು ನಿಶ್ಚಯಿಸಿಕೊಟ್ಟಿತು. ಮುದಗಲ್ಲಾದರೋ ತನ್ನ ಕೋಟೆಯಿಂದ ಪ್ರಸಿದ್ಧವಾಗಿದೆ. ಈ ಕೋಟೆಯನ್ನು ನೋಡಲು ಬಂದವರಲ್ಲಿ ಬಹುಮಂದಿ ಊರಿನ ರೋಮನ್ ಕೆಥೋಲಿಕ ದೇವಾಲಯವನ್ನು ನೋಡದೆ ಹಿಂದಿರುಗುವರು. ಈ ದೇವಾಲಯದ ಕಾಲವನ್ನು ಕುರಿತು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಮೊದಲು ನಾನು ಕಡಲತೀರದ ಹಳೆಯ ಗೋವೆಯನ್ನು ಸಂದರ್ಶಿಸಿದ್ದೆನು. ಅಲ್ಲಿ 1605ರಲ್ಲಿ ಪ್ರತಿಷ್ಠಿತವಾದ ಬೋಂ ಜೇಸು ದೇವಾಲಯದಲ್ಲಿ ಸಂತ ಫ್ರಾನ್ಸಿಸ್ ಸೇವಿಯರನ ದೇಹವು ಇರಿಸಲ್ಪಟ್ಟಿದೆ. ಸಮೀಪದಲ್ಲಿಯೇ ಫ್ರಾನ್ಸಿಸ್ಕನ್ ಯತಿಗಳ ದೇವಾಲಯವೂ ಅದಕ್ಕೆ ಹೊಂದಿಕೊಂಡ ಮಠವೂ ಇವೆ. ನಡುವೆ ಅಂಗಳ, ಸುತ್ತಲೂ ಮೊಗಸಾಲೆ, ಅದರ ಹಿಂದೆ ಯತಿಗಳ ವಾಸಸ್ಥಾನ: ಇಂತಹ ವಿನ್ಯಾಸವನ್ನು ನೋಡಿದಾಗ ನಮ್ಮ ಮಠಗಳ ಸ್ಮರಣೆಯಾಗದಿರದು. ಅಲ್ಲಿ ರಾಜ್ಯವು ಪೋರ್ತುಗೀಸರದು, ದೇವಾಲಯಕ್ಕೆ ರಾಜಾಶ್ರಯವಿದ್ದಿತು. ಮುದಗಲ್ಲಿನಲ್ಲಿ ಅವರ ಸೈನ್ಯವೂ ಇಲ್ಲ, ಅಧಿಕಾರವೂ ಇಲ್ಲ. ಕಡಲಿನಿಂದ ಇಷ್ಟು ದೂರದಲ್ಲಿ, ಪರರಾಜರ ದುರ್ಗದ ಮಗ್ಗುಲಲ್ಲಿ, ಗೋವೆಯ ಪಾದ್ರಿಗಳಿಗೆ ನೆಲೆ ದೊರೆತುದು ಹೇಗೆ? ಕಾಲವು ನಿರ್ಣೀತವಾದ ಹೊರತು ಈ ಪ್ರಶ್ನೆಗೆ ಉತ್ತರವಿಲ್ಲ.

ದೇವಾಲಯವನ್ನು ಜೆಸುಯಿಟ್ ಪಾದ್ರಿಗಳು 1557ಕ್ಕೆ ಮೊದಲು ಕಟ್ಟಿಸಿದರೆಂದು ಪ್ರಸಿದ್ಧಿಯಿದೆ. ಈ ಮಾತನ್ನೇ ನಾವು ‘1557ರಲ್ಲಿ, ಆದಿಲಶಾಹಿ ಅರಸರ ಕಾಲದಲ್ಲಿ’ ಎಂದು ತಿರುಗಿಸಿ ಹೇಳುತ್ತ ಬಂದಿದ್ದೇವೆ. ನಾನೂ ಅನೇಕ ವರ್ಷ ಹಾಗೆಯೇ ಪಾಠ ಹೇಳಿದವನು. ಆದರೆ ‘ಮೊದಲು’ ಎಂಬುದು ಉತ್ತರಾವಧಿಯನ್ನು ಮಾತ್ರ ಸೂಚಿಸುತ್ತದೆ. ಅದು ವರ್ಷವನ್ನು ಹೇಳುವುದಿಲ್ಲ. ಪೂರ್ವಾವಧಿಯನ್ನು ನಾವೇ ಊಹಿಸಬೇಕು. ಜೆಸುಯಿಟ್ ಸಂಘಕ್ಕೆ ಪೋಪನ ಅನುಮತಿ ದೊರೆತುದು 1540ರಲ್ಲಿ. ಸೇವಿಯರನು ಗೋವೆಗೆ ಬಂದುದು 1542ರಲ್ಲಿ. ಆದುದರಿಂದ ಪ್ರಸಿದ್ಧಿಯನ್ನು ಒಪ್ಪಿದಲ್ಲಿ ದೇವಾಲಯವು ಹುಟ್ಟಿದುದು 1542ರಿಂದ 1557ರ ವರೆಗಿನ 15 ವರ್ಷಗಳೊಳಗೆ ಎಂದಾಗುತ್ತದೆ.

ಈ ಅವಧಿಯಲ್ಲಿ ಮುದಗಲ್ಲು ಯಾರ ವಶದಲ್ಲಿದ್ದಿತು? 1520ರ ರಾಯಚೂರು ಯುದ್ಧದ ತರುವಾಯ ಈ ದೋ ಆಬ್ ಪ್ರದೇಶವು ಕೃಷ್ಣದೇವರಾಯನ ಕೈಸೇರಿತು. ರಾಯನು 1529ರಲ್ಲಿ ಗತಿಸಿದ ಮೇಲೆ ಅನತಿಕಾಲದಲ್ಲಿಯೇ ಇಸ್ಮಾಯಿಲ್ ಆದಿಲ ಶಾಹನು ರಾಯಚೂರು ಮುದಗಲ್ಲುಗಳನ್ನು ಮರಳಿ ಪಡೆದನು. ಅವನ ಮಗ ಇಬ್ರಾಹಿಮನ ಆಳಿಕೆಯಲ್ಲಿ, 1551ರ ಸುಮಾರಿಗೆ, ಅಳಿಯ ರಾಮರಾಯನು ಅಹಮದನಗರದ ಬುರ್ಹಾನ್ ನಿಜಾಮ ಶಾಹನೊಡನೆ ಸಂಧಿ ಮಾಡಿಕೊಂಡು ಎರಡು ದುರ್ಗಗಳನ್ನೂ ಗೆದ್ದುಕೊಂಡನು. 1565ರ ಮಹಾಯುದ್ಧಕ್ಕೆ ಮುನ್ನ ಅಲಿ ಆದಿಲ ಶಾಹನು ರಾಮರಾಯನಲ್ಲಿಗೆ ದೂತನನ್ನು ಕಳುಹಿಸಿ ಹಿಂದಕ್ಕೆ ಕೇಳಿದ ದುರ್ಗಗಳಲ್ಲಿ ಮುದಗಲ್ಲೂ ಒಂದೆಂದು ಫೆರಿಸ್ತಾನು ಬರೆದಿದ್ದಾನೆ. ಎಂದ ಮೇಲೆ 1557ರಲ್ಲಿ ಈ ಊರು ಬಿಜಾಪುರದ್ದಾಗಿರಲಿಲ್ಲ, ವಿಜಯನಗರದ್ದಾಗಿದ್ದಿತು. ‘1557ರಲ್ಲಿ, ಆದಿಲಶಾಹಿಯಲ್ಲಿ’ ಎಂಬ ನಮ್ಮ ವಾಕ್ಯದ ಎರಡು ಪದಗಳು ಒಂದನ್ನೊಂದು ಹೊಡೆಯುತ್ತವೆ.

ಹೀಗಿರಲು ಎರಡು ಪಕ್ಷಗಳು ಉಳಿಯುತ್ತವೆ. 1551ಕ್ಕೆ ಮೊದಲು ಇಬ್ರಾಹಿಮನ ಅಧಿಕಾರಿಗಳು ಪಾದ್ರಿಗಳಿಗೆ ಸ್ಥಳವನ್ನು ಕೊಟ್ಟಿರಬೇಕೆಂಬುದು ಮೊದಲನೆಯದು. ಆಮೇಲೆ ರಾಮರಾಯನ ಕಡೆಯವರು ಕೊಟ್ಟಿರಬೇಕೆಂಬುದು ಎರಡನೆಯದು. ಇಬ್ರಾಹಿಮನಿಗೂ ಗೋವೆಗೂ ಸಾಸಷ್ಟಿ ಬಾರ್ದೇಸುಗಳ ಸಂಬಂಧವಾಗಿ ವೈಮನಸ್ಯವಿದ್ದಿತು. ಅವನ ಪ್ರತಿಸ್ಪರ್ಧಿಯಾದ ಅಬ್ದುಲ್ಲನಿಗೆ ಪೋರ್ತುಗೀಸರು ಆಶ್ರಯವಿತ್ತಿದ್ದರು. ವಿಜಯನಗರವಾದರೋ 1547ರಲ್ಲಿ ಅವರೊಡನೆ ಕೌಲು ಮಾಡಿಕೊಂಡಿದ್ದಿತು. ಈ ಕಾರಣದಿಂದ ಎರಡನೆಯ ಪಕ್ಷವು ನನಗೆ ಹೆಚ್ಚು ಸಂಗತವಾಗಿ ತೋರುತ್ತದೆ. 1558ರಲ್ಲಿ ರಾಮರಾಯನು ಪೋರ್ತುಗೀಸರ ಮೈಲಾಪುರದ ಮೇಲೆ ದಂಡೆತ್ತಿ ಹೋದನಲ್ಲವೇ ಎಂದು ಆಕ್ಷೇಪಿಸಬಹುದು. ಅದು ನಮ್ಮ ಅವಧಿಯ ಅನಂತರ ನಡೆದುದಾದುದರಿಂದ ಬಾಧಕವಲ್ಲ.

ಇನ್ನೊಂದು ಶಂಕೆಯೂ ಉಂಟು. ಅಲಿ ಆದಿಲ ಶಾಹನ ಕರೆಯಂತೆ ಗೋವೆಯ ಪಾದ್ರಿಗಳು ಬಿಜಾಪುರದ ಆಸ್ಥಾನಕ್ಕೆ ಹೋದುದು 1561ರಲ್ಲಿ. ಮುದಗಲ್ಲಿನ ಪ್ರಯತ್ನವೂ ಅದರ ಫಲವೇ ಆಗಿರಬಾರದೇಕೆ? ಆಗ ಪ್ರಸಿದ್ಧಿಯ ವರ್ಷವನ್ನೇ ಕೈಬಿಡಬೇಕಾಗುವುದು. ಊರು ಮತ್ತೆ ಬಿಜಾಪುರದ ವಶವಾದುದು 1565ರ ಮೇಲಾದುದರಿಂದ ದೇವಾಲಯವನ್ನು ಅದಕ್ಕೂ ಈಚೆಗೆ ತರಬೇಕಾಗುವುದು. ನೈಯಾಯಿಕರು ಐತಿಹ್ಯವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸದೆ ಶಬ್ದದಲ್ಲಿ ಅಂತರ್ಭಾವ ಮಾಡಿದ್ದಾರೆ. ಎಂದರೆ ಹೇಳಿದವನು ಆಪ್ತನಾದರೆ ಮಾತ್ರ ಅದು ಪ್ರಮಾಣ. ಬಲವತ್ತರವಾದ ಬಾಧಕವು ದೊರೆಯುವ ತನಕ ಅದನ್ನು ತಳ್ಳುವುದೂ ನ್ಯಾಯವಲ್ಲ. ಸಂಸ್ಥೆಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಜೀರ್ಣೋದ್ಧಾರವಾದ ನಮ್ಮ ಗುಡಿಗಳನ್ನು ಕಂಬದಿಂದ ಅಳೆಯುವೆವೇ ಹೊರತು ಸುಣ್ಣದಿಂದ ಅಳೆಯುವುದಿಲ್ಲ.

ಸ್ಥಳವನ್ನು ಕೊಟ್ಟವರು ಯಾರೇ ಆಗಲಿ, ಉಳಿಸಿಕೊಂಡು ಬಂದವರು ಅನೇಕರು. 1565ರ ಮೇಲೆ ಆದಿಲಶಾಹಿ, 1686ರಲ್ಲಿ ಬಿಜಾಪುರವು ಬಿದ್ದ ಮೇಲೆ ಮೊಗಲರು, ಆಮೇಲೆ 1948ರ ವರೆಗೆ ನಿಜಾಮರು: ಹೀಗೆ ಧ್ವಜಗಳು ಬದಲಾದರೂ ಇಲ್ಲಿನ ಕ್ರೈಸ್ತ ಸಮಾಜವು ಅಳಿಯಲಿಲ್ಲ. ಹಿಂದೂಗಳೂ ಮುಸಲ್ಮಾನರೂ ಕೂಡಿ ಆಚರಿಸುವ ಮೊಹರಮ್ಮಿಗೂ ಇದೇ ಊರು ಹೆಸರಾಗಿದೆ. ಯಾವುದೋ ಒಂದು ರಾಜವಂಶದ ಔದಾರ್ಯವೆಂದು ದೇವಾಲಯವನ್ನು ಬರೆದುಬಿಟ್ಟರೆ ಉಳಿದವರ ಪಾಲನ್ನು ಅಪಹರಿಸಿದಂತಾಗುತ್ತದೆ.

ಗೋವೆ ಲಿಸ್ಬನ್ನುಗಳಲ್ಲಿರುವ ಜೆಸುಯಿಟ್ ಪತ್ರಗಳನ್ನೂ ಪಾರಸಿ ಬಖೈರುಗಳನ್ನೂ ಒಂದೆಡೆಯಲ್ಲಿಟ್ಟು ಓದಬಲ್ಲ ವಿದ್ವಾಂಸರು ಈ ವಿಷಯವನ್ನು ಪರಿಶೀಲಿಸಬೇಕೆಂದು ನನ್ನ ಪ್ರಾರ್ಥನೆ. ಅಲ್ಲಿಯ ವರೆಗೆ ಉಪಾಧ್ಯಾಯರು ‘1557ರಲ್ಲಿ’ ಎಂಬುದನ್ನು ಬಿಟ್ಟು ‘1557ಕ್ಕೆ ಮೊದಲು ಎಂಬ ಪ್ರಸಿದ್ಧಿ’ ಎಂದು ಹೇಳಿದರೆ ಸಾಕು. ಒಂದು ವಿಭಕ್ತಿಪ್ರತ್ಯಯವು ಕೆಟ್ಟುದರಿಂದ ಒಂದು ರಾಜ್ಯವೇ ಬದಲಾದುದನ್ನು ನಾವು ನೋಡಿದೆವಷ್ಟೆ.