ಗುಲಾಬಿಯ ವರ್ಣವ್ಯತ್ಯಾಸ
ಒಂದೇ ತಳಿಯ ಗುಲಾಬಿ ಹೂವಿನ ಬಣ್ಣ ಉಷ್ಣತೆ, ಬೆಳಕು ಹಾಗೂ ಹೂವಿನ ವಯಸ್ಸಿಗೆ ಅನುಗುಣವಾಗಿ ಬದಲಾಗುವ ಗುಣ. ಬಣ್ಣವನ್ನು ಮೂಲತಃ ನಿರ್ಧರಿಸುವುದು ತಳಿಗುಣ. ಅದರ ಗಾಢತೆಯನ್ನು ಪರಿಸರ ಏರಿಳಿಸುತ್ತದೆ. ಕೆಂಪು, ನಸುಗೆಂಪು ಛಾಯೆಗಳಿಗೆ ಆಂಥೊಸಯನಿನ್‌ಗಳೂ ಹಳದಿಗೆ ಮುಖ್ಯವಾಗಿ ಕೆರೊಟಿನಾಯ್ಡ್‌ಗಳೂ ಕಾರಣ.

ತಂಪು ಹವೆಯಲ್ಲಿ ಆಂಥೊಸಯನಿನ್ ಹೆಚ್ಚು ಶೇಖರವಾಗಿ ಬಣ್ಣ ಕಡುವಾಗುತ್ತದೆ. ಬೇಸಿಗೆಯ ಕಾವಿನಲ್ಲಿ ಅದರ ಉತ್ಪಾದನೆ ಕುಗ್ಗಿ ಎಸಳು ಪೇಲವವಾಗುತ್ತದೆ, ಹೂವೂ ಚಿಕ್ಕದಾಗುತ್ತದೆ. ಅತಿಯಾದ ತಂಪೂ ದೋಷಕರ: 'ಬಕಾರಾ' ತಳಿಯ ಕೆಂಪು ಎಸಳುಗಳು ಚಳಿರಾತ್ರಿಗಳಲ್ಲಿ ಕಪ್ಪಾಗುತ್ತವೆ.

ಬೆಳಕಿನ ಪಾತ್ರಕ್ಕೆ 1977ರಲ್ಲಿ ಬಿಡುಗಡೆಯಾದ 'ಡಬಲ್ ಡಿಲೈಟ್' ಅತ್ಯುತ್ತಮ ನಿದರ್ಶನ. ಇದರ ಕೆನೆಬಣ್ಣದ ಎಸಳಿನ ಅಂಚಿಗೆ ಕೆಂಪೇರುವುದು ನೇರಳಾತೀತ ಕಿರಣಗಳಿಂದ. ಆ ಕಿರಣಗಳನ್ನು ತಡೆಯುವ ಹಸಿರುಮನೆಯಲ್ಲಿ ಹೂವು ಬಹುಮಟ್ಟಿಗೆ ಕೆನೆಬಣ್ಣದಲ್ಲೇ ಉಳಿಯುತ್ತದೆ. ಚೀನೀ ಗುಲಾಬಿ ವರ್ಗದ 'ಮ್ಯುಟಬಿಲಿಸ್' ಹಳದಿಯಾಗಿ ಅರಳಿ, ನಸುಗೆಂಪಿಗೆ ತಿರುಗಿ, ಕೊನೆಗೆ ಕಡುಗೆಂಪಾಗುತ್ತದೆ. ಹಲವು ಕೆಂಪು ತಳಿಗಳಲ್ಲಿ ಹೂವು ಹಳತಾದಂತೆ ಜೀವಕೋಶರಸದ ಆಮ್ಲೀಯತೆ ತಗ್ಗಿ ನೇರಳೆ ಛಾಯೆ ಮೂಡುತ್ತದೆ.

ಹೈಡ್ರೇಂಜಿಯದಲ್ಲಿ ಸಾಧ್ಯವಾಗುವಂತೆ ಮಣ್ಣಿನ ಆಮ್ಲೀಯತೆ ಬದಲಿಸಿ ಗುಲಾಬಿಯನ್ನು ನೀಲಿಯಾಗಿಸಲಾಗದು. ನೀಲಿಗೆ ಬೇಕಾದ ಡೆಲ್ಫಿನಿಡಿನ್ ವರ್ಣದ್ರವ್ಯ ಗುಲಾಬಿಯಲ್ಲಿ ಸಹಜವಾಗಿ ತಯಾರಾಗುವುದಿಲ್ಲ.

ಸುಮಾರು 900 ಮೀ. ಎತ್ತರದಲ್ಲಿರುವ ಬೆಂಗಳೂರು ಸುತ್ತಲಿನ ಪ್ರಸ್ಥಭೂಮಿಯ ಮಿತ ಹವೆ ಪಾಲಿಹೌಸ್ ಗುಲಾಬಿ ಬೇಸಾಯಕ್ಕೆ ಅನುಕೂಲವಾಗಿದೆ. ಬಿರುಬೇಸಿಗೆಯಲ್ಲಿ ನೆರಳುಬಲೆ ಹೊದಿಸಿ ಬೆಳೆಗಾರರು ಬಣ್ಣ ಮಾಸದಂತೆ ಕಾಪಾಡುತ್ತಾರೆ.