ಬರದ ಸೀಮೆಗೆ ಬಂದ ಪುಸ್ತಕ: ಚಿಕ್ಕಬಳ್ಳಾಪುರ ಪ್ರದೇಶದ ಗ್ರಂಥಾಲಯ ಚರಿತ್ರೆಯ ಕೆಲವು ಎಳೆಗಳು

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದ ಬಾಲಕನೊಬ್ಬನು ಪ್ರೌಢಶಾಲೆಗೆ ಸೇರಲೆಂದು ಸುಮಾರು 80 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೋದನು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರೇ ಆ ಬಾಲಕ. ಈ ಪ್ರಸಂಗವನ್ನು ವ್ಯಕ್ತಿಯ ಛಲಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ಆದರೆ ಅದು ಒಂದು ಪ್ರದೇಶದ ಕೊರತೆಗೂ ಸಾಕ್ಷಿಯಾಗಿದೆ. ವಿದ್ಯೆಯು ಊರಿಗೆ ಬಾರದಿದ್ದಾಗ ವಿದ್ಯಾರ್ಥಿಯೇ ಊರು ಬಿಡಬೇಕಾಯಿತು. ಹಾಗೆ ನಡೆಯಲಾರದವರ ಹೆಸರುಗಳು ಚರಿತ್ರೆಗೆ ದೊರೆಯುವುದಿಲ್ಲ.

ಇದೇ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಿಕ್ಷಣ ಪಡೆದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಕನ್ನಡ ಸಾಹಿತ್ಯ ಪರಿಷತ್ತು (1915) ಮತ್ತು ಮೈಸೂರು ವಿಶ್ವವಿದ್ಯಾಲಯದ (1916) ಜೊತೆಗೆ ಸಾರ್ವಜನಿಕ ಗ್ರಂಥಾಲಯಗಳೂ ಅವರ ಕಾಲದಲ್ಲಿ ರೂಪುಗೊಂಡವು. ಆದರೆ ಆ ಗ್ರಂಥಾಲಯಗಳು ನೆಲೆಗೊಂಡದ್ದು ಬೆಂಗಳೂರು, ಮೈಸೂರು ನಗರಗಳಲ್ಲಿ.

ಹಳ್ಳಿಗೆ ಪುಸ್ತಕ ಒಯ್ಯುವ ಪ್ರಯತ್ನಕ್ಕೆ ದಕ್ಷಿಣ ಭಾರತದಲ್ಲಿ ಬೇರೆ ಮಾದರಿಗಳಿದ್ದವು. ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಪ್ರಕಟವಾದ 1931ರಲ್ಲಿಯೇ, ತಂಜಾವೂರು ಸೀಮೆಯ ಮನ್ನಾರ್ಗುಡಿಯಲ್ಲಿ ಎತ್ತಿನಗಾಡಿಯ ಸಂಚಾರಿ ಗ್ರಂಥಾಲಯ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲಿ 1940ರ ದಶಕದಿಂದ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಅಕ್ಷರ ಕಲಿತವರಿಗಾಗಿ ಪುಸ್ತಕಗಳನ್ನು ಪ್ರಕಟಿಸಿ, ಗ್ರಾಮೀಣ ಗ್ರಂಥಾಲಯಗಳಿಗೆ ಬೆಂಬಲವಿತ್ತಿತು. ಕಲಿತ ಅಕ್ಷರ ಓದಿಲ್ಲದೆ ಮರೆತುಹೋಗುತ್ತದೆ ಎಂಬ ಅರಿವು ಈ ಕೆಲಸದ ಹಿಂದಿತ್ತು.

1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಗ್ರಂಥಾಲಯಕ್ಕೆ ಶಾಸನದ ಆಧಾರವನ್ನು ಒದಗಿಸಿತು. ಆದರೆ ಅದರ ಆರ್ಥಿಕ ತಳಹದಿಯಲ್ಲಿ ಒಂದು ತೊಡಕಿದೆ. ಗ್ರಂಥಾಲಯ ಕರವು ಕಟ್ಟಡ, ಜಮೀನು ಮುಂತಾದವುಗಳ ತೆರಿಗೆಯೊಡನೆ ವಸೂಲಾಗುವಂಥದು. ಹೆಚ್ಚು ಆಸ್ತಿಯುಳ್ಳ ನಗರದಲ್ಲಿ ಕರವೂ ಹೆಚ್ಚು. ಮಳೆಯನ್ನೂ ಕೆರೆಯನ್ನೂ ನಂಬಿದ ಬಯಲುಸೀಮೆಯಲ್ಲಿ ಅದು ಕಡಿಮೆ. ಪುಸ್ತಕದ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಹಣ ಕಡಿಮೆ. ಮೇಲಾಗಿ, 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಗೌರಿಬಿದನೂರಿನವರಿಗೆ ಜಿಲ್ಲಾ ಕೇಂದ್ರವು ದೂರದ ಕೋಲಾರವಾಗಿತ್ತು.

ಈ ಸೀಮೆಯಲ್ಲಿ ಗ್ರಂಥಾಲಯವೆಂದರೆ ಕಥೆ, ಕಾವ್ಯಗಳ ಭಂಡಾರ ಮಾತ್ರವಾಗಿರಲು ಸಾಧ್ಯವಿಲ್ಲ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೆ ಹುಳುವಿನ ರೋಗದ ತಿಳಿವಳಿಕೆ ಮತ್ತು ಗೂಡಿನ ಧಾರಣೆ ಬೇಕು. ಕೊಳವೆಬಾವಿಯ ನೀರು ಕುಡಿಯುವವರಿಗೆ ಫ್ಲೋರೈಡಿನ ಮಾಹಿತಿ ಬೇಕು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವೇ ಇದೆ. ಅಲ್ಲಿನ ಜ್ಞಾನವು ರೈತನು ಓದಬಲ್ಲ ಮಾತಿನಲ್ಲಿ ಹಳ್ಳಿಯ ಗ್ರಂಥಾಲಯವನ್ನು ತಲುಪಬೇಕು. ಭಾಷೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಕನ್ನಡ, ತೆಲುಗುಗಳೆರಡರಲ್ಲಿಯೂ ರಚಿಸಿದರು. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿ ಇಂದಿಗೂ ಅನೇಕ ಮಕ್ಕಳದು. ಕನ್ನಡದ ಓದಿಗೆ ಶಾಲೆಯಾಚೆ ಅವರಿಗಿರುವ ಆಸರೆ ಗ್ರಂಥಾಲಯವೇ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡವು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಬಳಿಕ ಈ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳೆನಿಸಿದವು. ಹೆಸರಿನ ಬದಲಾವಣೆ ಆಶಯವನ್ನು ಸೂಚಿಸುತ್ತದೆ. ಅದನ್ನು ಉಳಿಸುವುದು ಹೊಸ ಪುಸ್ತಕ, ತೆರೆದ ಬಾಗಿಲು ಮತ್ತು ಗೌರವದ ವೇತನ ಪಡೆಯುವ ಮೇಲ್ವಿಚಾರಕರು. ನರಸಿಂಹಯ್ಯನವರು ತಮ್ಮ ಸೀಮೆಯನ್ನು ಮರೆಯದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ಏಳುವಂತೆ ಶ್ರಮಿಸಿದರು. ಮತ್ತೊಂದು ಮಗು ಓದಿಗಾಗಿ ಅಷ್ಟು ದೂರ ನಡೆಯಬಾರದೆಂಬುದೇ ಆ ಶ್ರಮದ ಅರ್ಥ. ಹಳ್ಳಿಯ ಗ್ರಂಥಾಲಯವನ್ನು ಅಳೆಯಬೇಕಾದ ಮಾನದಂಡವೂ ಅದೇ.