ಗುಳಿಗೆಗೆ ಮೊದಲು ಗಾಯ ತೆರೆಯಬೇಕು

ಸೊಂಟದ ಕೀಲು ಬದಲಿಸಿದ ಮೊದಲ ಕೆಲವು ವಾರಗಳಲ್ಲಿ ಕೀಲಿಗೆ ಸೋಂಕು ತಗುಲಿದರೆ, ಯಾವ ಆ್ಯಂಟಿಬಯಾಟಿಕ್ ಕೊಟ್ಟರು ಎಂಬುದಕ್ಕಿಂತ ಗಾಯವನ್ನು ಎಷ್ಟು ಬೇಗ ಮತ್ತೆ ತೆರೆದರು ಎಂಬುದೇ ಆ ಕೀಲು ಉಳಿಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಈ ಮಾತಿಗೆ ಬಂದು ನಿಲ್ಲಲು ವೈದ್ಯಲೋಕಕ್ಕೆ ದಶಕಗಳೇ ಬೇಕಾದವು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ತಮ್ಮ ಹೊಸ ಕೀಲನ್ನು ಅಳವಡಿಸತೊಡಗಿದಾಗ, ಆರಂಭದಲ್ಲಿ ನೂರಕ್ಕೆ ಸುಮಾರು ಏಳು ಕೀಲುಗಳಲ್ಲಿ ಸೋಂಕು ಕಾಣಿಸಿತು. ಸೋಂಕು ಗಾಳಿಯಿಂದ ಬರುತ್ತದೆಂದು ಊಹಿಸಿದ ಅವರು ಶಸ್ತ್ರಚಿಕಿತ್ಸೆಯ ಕೋಣೆಯ ಗಾಳಿಯನ್ನೇ ಶೋಧಿಸಲು ಹೊರಟರು. 1982ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಬ್ರಿಟಿಷ್ ಅಧ್ಯಯನ ಅವರ ಊಹೆಯನ್ನು ಸಮರ್ಥಿಸಿತು: ಶುದ್ಧ ಗಾಳಿಯಿಂದ ಆಳದ ಸೋಂಕು ಶೇ. 1.5ರಿಂದ ಶೇ. 0.6ಕ್ಕೆ ಇಳಿದಿತ್ತು. ತಡೆಯುವ ವಿದ್ಯೆ ಹೀಗೆ ಬೆಳೆಯಿತು. ತಡೆಯಲಾಗದೆ ಸೋಂಕು ಬಂದೇಬಿಟ್ಟರೆ ಮಾತ್ರ ಕೀಲನ್ನು ಕಿತ್ತುಹಾಕುವುದೇ ಬಹುಕಾಲ ರೂಢಿಯಾಗಿತ್ತು.

ಕಿತ್ತೇ ತೀರಬೇಕೆ ಎಂಬ ಪ್ರಶ್ನೆಗೆ ಉತ್ತರ ಬ್ಯಾಕ್ಟೀರಿಯಾಗಳ ನಡವಳಿಕೆಯಲ್ಲಿತ್ತು. ಲೋಹದ ಮೇಲೆ ಮೊದಲು ನೆಲೆಯೂರುವವರು ಯಾರು, ದೇಹದ ಜೀವಕೋಶಗಳೋ ಬ್ಯಾಕ್ಟೀರಿಯಾಗಳೋ ಎಂಬ ಪೈಪೋಟಿಯನ್ನು 1987ರಲ್ಲಿ ಆ್ಯಂಥನಿ ಗ್ರಿಸ್ಟಿನಾ ವಿವರಿಸಿದರು. ಗೆದ್ದ ಬ್ಯಾಕ್ಟೀರಿಯಾಗಳು ಅಂಟುಪದರ ಹೆಣೆದುಕೊಂಡು ಅದರೊಳಗೆ ಅಡಗುತ್ತವೆ. ಪದರ ಬಲಿತ ಮೇಲೆ ಔಷಧಿ ಅವುಗಳನ್ನು ಕೊಲ್ಲಲಾರದು. ಬಲಿಯುವ ಮುನ್ನ ತೊಳೆದು ಕೆರೆದರೆ? 1998ರಲ್ಲಿ ಸ್ವಿಟ್ಜರ್ಲೆಂಡಿನ ವರ್ನರ್ ಜಿಮ್ಮರ್ಲಿ ತಂಡ, ಲಕ್ಷಣ ಕಾಣಿಸಿ ಮೂರು ವಾರ ಮೀರದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಗಾಯ ಶುಚಿಗೊಳಿಸಿ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆ ರಿಫಾಂಪಿಸಿನ್ ಎಂಬ ಇನ್ನೊಂದನ್ನು ಕೊಟ್ಟಿತು. ಚಿಕಿತ್ಸೆ ಪೂರೈಸಿದ ಹನ್ನೆರಡೂ ಮಂದಿ ಗುಣವಾದರು. ರಿಫಾಂಪಿಸಿನ್ ಇಲ್ಲದ ಹನ್ನೆರಡರಲ್ಲಿ ಏಳು ಮಂದಿ. ಜಗತ್ತು ರಿಫಾಂಪಿಸಿನ್ನನ್ನು ಕೊಂಡಾಡಿತು. ನನ್ನ ದೃಷ್ಟಿಯಲ್ಲಿ ಅದು ಅರ್ಧ ಓದು. 2020ರ ನಾರ್ವೆಯ ಅಧ್ಯಯನದಲ್ಲಿ ಬೇರೆ ಜೊತೆ ಔಷಧಿಗಳೊಂದಿಗೆ ರಿಫಾಂಪಿಸಿನ್ ಪಡೆದವರಲ್ಲಿ ಶೇ. 74, ಪಡೆಯದವರಲ್ಲಿ ಶೇ. 72 ಮಂದಿ ಸೋಂಕುಮುಕ್ತರಾದರು. ಇದೂ ಚಿಕ್ಕ ಅಧ್ಯಯನವೇ, ನಿಜ. ಆದರೆ ಎರಡೂ ಕಡೆ ಎಲ್ಲರಿಗೂ ಸಿಕ್ಕ ಚಿಕಿತ್ಸೆ ಒಂದೇ: ಬೇಗ ತೆರೆದು ಚೊಕ್ಕಟಗೊಳಿಸಿದ್ದು.

ಔಷಧಿಗೂ ಗಾಯ ತೆರೆಯುವುದಕ್ಕೂ ಇರುವ ಈ ವ್ಯತ್ಯಾಸ ಹೈದರಾಬಾದಿನಲ್ಲಿ ಇನ್ನಷ್ಟು ಮುಖ್ಯ. ಮೂಳೆ ಆಸ್ಪತ್ರೆಯಾಗಿ ಹುಟ್ಟಿ ಇಂದು ನಿಮ್ಸ್ ಎನಿಸಿಕೊಂಡ ಪಂಜಗುಟ್ಟದ ಸಂಸ್ಥೆಯೂ ಸೇರಿದಂತೆ ಈ ನಗರದ ಆಸ್ಪತ್ರೆಗಳಿಗೆ ಬೀದರ್, ಕಲಬುರಗಿ, ರಾಯಚೂರಿನವರೂ ಬರುತ್ತಾರೆ. ಬೀದರ್ ಕಡೆಯಿಂದ ಬರುವ ದಾರಿಯಲ್ಲೇ ಪಟನ್‌ಚೆರು ಇದೆ. ಅಲ್ಲಿನ ಔಷಧಿ ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಿಸಿ ಹೊರಬಿಟ್ಟ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ವರದಿ ಮಾಡಿದರು. ಗುಳಿಗೆ ನುಂಗಿದವರ ರಕ್ತದಲ್ಲೂ ಅಷ್ಟಿರುವುದಿಲ್ಲ. ಇಂಥ ನೀರಿನಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುವ ಭಯವಿದೆ. ರಿಫಾಂಪಿಸಿನ್ ನಮ್ಮಲ್ಲಿ ಕ್ಷಯರೋಗಕ್ಕೆ ಕಾದಿಡಬೇಕಾದ ಔಷಧಿ. ಹೀಗಿರುವಾಗ ಸ್ವಿಸ್ ಔಷಧಿಜೋಡಿಯನ್ನು ಕಣ್ಣುಮುಚ್ಚಿ ಬರೆದುಕೊಡುವುದು ಸಲ್ಲದು. ಗಾಯ ತೆರೆದು ನಾಲ್ಕೈದು ಕಡೆಯ ಅಂಗಾಂಶವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ಬಿಚ್ಚಬಹುದಾದ ಗುಂಡು ಮತ್ತು ಒಳಬಟ್ಟಲು ಬದಲಿಸಿ, ಆಮೇಲೆ ಔಷಧಿ ಆರಿಸಬೇಕು. ಊರಿನಲ್ಲಿ ಮೊದಲೇ ನುಂಗಿದ ಗುಳಿಗೆ ರೋಗವನ್ನು ವಾಸಿಮಾಡದೆ ಪರೀಕ್ಷೆಯನ್ನು ಮಾತ್ರ ಕೆಡಿಸುತ್ತದೆ.

ಒಸರುವ ಗಾಯಗಳೆಲ್ಲ ಸೋಂಕಲ್ಲ, ವೃದ್ಧರನ್ನು ಮತ್ತೆ ಯಾಕೆ ಕೊಯ್ಯಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಹಲವು ಗಾಯಗಳು ತಾವಾಗಿ ಒಣಗುತ್ತವೆ. ಆದರೆ ಐದರಿಂದ ಏಳು ದಿನ ದಾಟಿಯೂ ನಿಲ್ಲದ ಒಸರನ್ನು ತೆರೆದು ನೋಡಬೇಕೆಂಬುದು ತಜ್ಞರ ಒಮ್ಮತ. ಮತ್ತೆ ಕೊಯ್ಯುವ ಖರ್ಚಿನ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆದರೂ ತಡಮಾಡಿ ಕೀಲು ಕಿತ್ತರೆ, ಹಲವರು ತಿಂಗಳುಗಟ್ಟಲೆ ಊರುಗೋಲು ಹಿಡಿದು, ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಬೇಕಾಗುತ್ತದೆ. ಔಷಧಿಯ ಅವಧಿಯಲ್ಲೂ ಉಳಿತಾಯ ಹುಡುಕಬಾರದು. 2021ರ ಫ್ರೆಂಚ್ ಅಧ್ಯಯನದಲ್ಲಿ ಕೀಲು ಉಳಿಸಿಕೊಂಡವರ ಪೈಕಿ ಆರು ವಾರ ಔಷಧಿ ಪಡೆದವರಲ್ಲಿ ಶೇ. 30.7 ಮಂದಿಗೆ ಸೋಂಕು ಉಳಿಯಿತು, ಹನ್ನೆರಡು ವಾರ ಪಡೆದವರಲ್ಲಿ ಶೇ. 14.5. ದೂರದ ಊರಿಗೆ ಮರಳುವವರ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡ, ತೆಲುಗಿನಲ್ಲಿ ಮೂರೇ ಸಾಲು ಇರಲಿ: ಗಾಯ ಒಸರಿದರೆ ಗುಳಿಗೆ ಕೊಳ್ಳಬೇಡಿ, ಈ ಸಂಖ್ಯೆಗೆ ಕರೆ ಮಾಡಿ, ಮರುದಿನವೇ ಬನ್ನಿ.